ಹಳೆಯ ಎಂಎಂ540ಕ್ಕೆ ಗುಜರಿಯ ಉಕ್ಕಿನ ಬಂಪರ್: ಯಾವುದನ್ನು ಆರಿಸಲಿ, ಹೇಗೆ ಕೂರಿಸಲಿ?

ಅಡೂರು ಕೃಷಿಕ

ಎಲ್ಲರಿಗೂ ನಮಸ್ಕಾರ. ನನ್ನದು 1996ರ ಮಹೀಂದ್ರ ಎಂಎಂ540 ಜೀಪು, ಕೆಎಲ್-14 ನೋಂದಣಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ. ಡಾಂಬರು ರಸ್ತೆಯಿಂದ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ದಾರಿ ಪೂರ್ತಿ ಮುರಕಲ್ಲು. ಮಳೆಗಾಲದಲ್ಲಿ ಗೊಬ್ಬರ ಇಳಿಸುವುದಕ್ಕೂ ಅಡಿಕೆ ಹತ್ತಿಸುವುದಕ್ಕೂ ಇದೊಂದೇ ಆಧಾರ.

ಮೂಲ ಬಂಪರಿನ ಎಡ ತುದಿಯನ್ನು ತುಕ್ಕು ತಿಂದುಹಾಕಿದೆ. ಬೋಲ್ಟಿನ ತೂತುಗಳು ಹರಿದು ಉದ್ದವಾಗಿವೆ. ಬದಲಿಸಲೇಬೇಕು. ಬಂದಡ್ಕ ಕಡೆಗೆ ರಾತ್ರಿ ಹೋಗುವಾಗ ಕಾಡುಹಂದಿಗಳ ಕಾಟವೂ ಇದೆ. ನೆರೆಮನೆಯವರ ಕಾರಿಗೆ ಹಂದಿಯೊಂದು ನುಗ್ಗಿ ರೇಡಿಯೇಟರ್ ಒಡೆದುಹೋಯಿತು. ಹಾಗಾಗಿ ಈ ಸಲ ಗಟ್ಟಿಯಾದದ್ದನ್ನೇ ಹಾಕೋಣ ಎಂದುಕೊಂಡಿದ್ದೇನೆ.

ಮಂಗಳೂರಿನ ಗುಜರಿಯೊಂದರಲ್ಲಿ ಎರಡು ಬಂಪರ್ ನೋಡಿ ಬಂದೆ. ಒಂದು, ಯಾರೋ ಮಾಡಿಸಿದ ಪೆಟ್ಟಿಗೆ ಆಕಾರದ ಬಂಪರ್: 5 ಮಿ.ಮೀ. ಪ್ಲೇಟು, ಮೇಲೆ ದಪ್ಪ ಪೈಪಿನ ಕಮಾನು, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕೂರಿಸುವ ತಟ್ಟೆ, ಎರಡು ಎಳೆಯುವ ಬಳೆ, ಹೊಸ ಕಪ್ಪು ಬಣ್ಣ. 9,000 ರೂಪಾಯಿ ಹೇಳಿದರು. ಇನ್ನೊಂದು, ಹಳೆಯ ಜೀಪಿನಿಂದ ಬಿಚ್ಚಿದ ಸಾದಾ ಚಾನೆಲ್ ಬಂಪರ್. ಬಣ್ಣ ಹೋಗಿದೆ, ಅಲ್ಲಲ್ಲಿ ತಗ್ಗು ಬಿದ್ದಿದೆ. 2,500 ರೂಪಾಯಿ. ನನ್ನ ಮನಸ್ಸು ಮೊದಲನೆಯದರ ಮೇಲಿದೆ. ಎರಡರ ಫೋಟೊಗಳನ್ನೂ ಹಾಕಿದ್ದೇನೆ. ತಿಳಿದವರು ಹೇಳಿ.

ಮುಳ್ಳೇರಿಯ ವೆಲ್ಡರ್

ಅಣ್ಣ, ಫೋಟೊ ನೋಡಿದೆ. ಗುಜರಿ ಸಾಮಾನಿನ ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೆ ನಾನು ಮೊದಲು ಜೇಬಿನಿಂದ ಅಯಸ್ಕಾಂತ ತೆಗೆಯುತ್ತೇನೆ. ಉಕ್ಕಿನ ಮೇಲೆ ಅದು ಗಕ್ಕನೆ ಕಚ್ಚಿಕೊಳ್ಳಬೇಕು. ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಸಡಿಲವಾಗಿ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಎಂದು ಅರ್ಥ. ಪುಟ್ಟಿಯ ಕೆಳಗೆ ಏನಿದೆ ಎಂಬುದು ತುಂಬಿದವನಿಗೆ ಮಾತ್ರ ಗೊತ್ತು.

ಆಮೇಲೆ ಬೆಸುಗೆ ನೋಡಿ. ಪೈಪಿನ ಕಮಾನು ಪೆಟ್ಟಿಗೆಗೆ ಸೇರುವ ಜಾಗ, ಎಳೆಯುವ ಬಳೆಯ ಬುಡ, ಚಾಸಿಸ್ಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಬೋಲ್ಟು ಹಾಕುವ ತಟ್ಟೆಯ ಅಂಚು, ಈ ಮೂರೇ ಕಡೆ. ಬಿರುಕು ಬಿಡುವುದು ಬೆಸುಗೆಯ ನಡುವೆ ಅಪರೂಪ. ಬೆಸುಗೆ ಮುಗಿದು ಪ್ಲೇಟು ಶುರುವಾಗುವ ಗೆರೆಯಲ್ಲಿ ಬಿಡುತ್ತದೆ. ಒಳಗಿನ ತುಕ್ಕು ನೀರಿನೊಂದಿಗೆ ಹೊರಬಂದು ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ ಮೂಡಿರುತ್ತದೆ. ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ಅಡ್ಡಡ್ಡಲಾಗಿ ಹಿಡಿದರೆ ಕಾಣುತ್ತದೆ. ಒರೆಸಿದ ಮೇಲೂ ಗೆರೆ ಉಳಿದರೆ ಆ ಬಂಪರಿನಿಂದ ಗಾಡಿ ಎಳೆಯುವ ಯೋಚನೆ ಬಿಡಿ.

ಬೆಸುಗೆಯ ಮೇಲ್ಮೈಯನ್ನು ಗ್ರೈಂಡರಿನಿಂದ ನುಣ್ಣಗೆ ತೀಡಿದ್ದರೆ ನನಗೆ ಇನ್ನೂ ಅನುಮಾನ. ಚಂದ ಕಾಣಲಿ ಎಂದು ತೀಡುವಾಗ ಶಕ್ತಿ ಕೊಡುವ ಲೋಹವೇ ಹೋಗಿಬಿಟ್ಟಿರುತ್ತದೆ.

ಪೆಟ್ಟಿಗೆ ಆಕಾರದ್ದಕ್ಕೆ ಇನ್ನೊಂದು ಕಾಯಿಲೆ ಇದೆ. ಅಡಿಯಲ್ಲಿ ನೀರು ಹೋಗುವ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಮಳೆಗಾಲ ಪೂರ್ತಿ ನೀರು ಒಳಗೇ ನಿಂತು ಕೆಳಗಿನ ಪ್ಲೇಟನ್ನು ಒಳಗಿನಿಂದ ತಿಂದಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ನಾದ ಒಂದೇ ತೆರನಾಗಿರಬೇಕು. ಎಲ್ಲಿ ಸದ್ದು ಮಂಕಾಗುತ್ತದೆಯೋ ಅಲ್ಲಿ ಹಳೆಯ ಸ್ಕ್ರೂ ಡ್ರೈವರಿನ ತುದಿ ಒತ್ತಿ ನೋಡಿ. ಮಾರುವವರು ಬೇಡವೆಂದರೆ ಅದೂ ಒಂದು ಉತ್ತರವೇ.

ಎರಡನೆಯದು, ಆ ಚಾನೆಲ್, ನನಗೆ ಫೋಟೊದಲ್ಲೇ ಇಷ್ಟವಾಯಿತು. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದಿರುವುದರಿಂದ ಅದರಲ್ಲಿ ಅಡಗಿಸುವಂಥದ್ದು ಏನೂ ಇಲ್ಲ. ತುಕ್ಕು, ತಗ್ಗು, ಬೆಸುಗೆ, ಎಲ್ಲವೂ ಕಣ್ಣೆದುರಿಗಿದೆ.

ಬದಿಯಡ್ಕ ಮೇಷ್ಟ್ರು

ತೂಕದ ವಿಚಾರ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಒಂದು ಚದರ ಮೀಟರ್ ಉಕ್ಕಿನ ಹಾಳೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಪೆಟ್ಟಿಗೆ ಬಂಪರಿಗೆ ಸುಮಾರು 1.2 ಚದರ ಮೀಟರ್ ಹಾಳೆ ಬೇಕಾಯಿತೆಂದು ಇಟ್ಟುಕೊಳ್ಳಿ. 3 ಮಿ.ಮೀ. ಆದರೆ 28 ಕಿಲೋ, 5 ಮಿ.ಮೀ. ಆದರೆ 47 ಕಿಲೋ. ಇದರ ಮೇಲೆ ಪೈಪಿನ ಕಮಾನು, ವಿಂಚ್ ತಟ್ಟೆ, ಮುಂದೆಂದೋ ವಿಂಚ್.

ಈ ಭಾರ ಮುಂದಿನ ಆಕ್ಸಲಿಗಿಂತಲೂ ಮುಂದೆ ತೂಗಾಡುತ್ತದೆ ಎಂಬುದನ್ನು ಮರೆಯಬಾರದು. ನಿಮ್ಮ ಗಾಡಿಯ ಎರಡು ಆಕ್ಸಲುಗಳ ನಡುವಿನ ಅಂತರ ಸುಮಾರು 2.3 ಮೀಟರ್. 45 ಕಿಲೋ ಬಂಪರ್ ಮುಂದಿನ ಆಕ್ಸಲಿನಿಂದ 0.6 ಮೀಟರ್ ಮುಂದೆ ಕೂತರೆ ಮುಂದಿನ ಚಕ್ರಗಳ ಮೇಲೆ ಬೀಳುವ ಹೆಚ್ಚಿನ ಭಾರ ಸುಮಾರು 57 ಕಿಲೋ. ಹಿಂದಿನ ಚಕ್ರಗಳಿಂದ ಸುಮಾರು 12 ಕಿಲೋ ಕಡಿಮೆಯಾಗುತ್ತದೆ. ಖಾಲಿ ಗಾಡಿಯಲ್ಲಿ ತೋಟದ ಇಳಿಜಾರು ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ಕುಸಿಯುತ್ತದೆ, ಹಿಂದಿನ ಚಕ್ರದ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಒದ್ದೆ ಮುರಕಲ್ಲಿನ ಮೇಲೆ ಅದರ ಅರ್ಥ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮುಂದಿನ ಲೀಫ್ ಸ್ಪ್ರಿಂಗುಗಳಿಗೂ ಈಗಾಗಲೇ ವಯಸ್ಸಾಗಿದೆ.

ಅಡಿಕೆ ತೂಗುವ ಕಾಟಾ ನಿಮ್ಮ ಮನೆಯಲ್ಲೇ ಇದೆಯಲ್ಲ. ಯಾವುದನ್ನು ತಂದರೂ ಕೂರಿಸುವ ಮೊದಲು ತೂಗಿ ನೋಡಿ.

ಇನ್ನೊಂದು ಮಾತು. ನಾನು ಶಾಲೆ ಬಿಡುವ ಹೊತ್ತಿಗೆ ದಿನವೂ ರಸ್ತೆ ಬದಿಯಲ್ಲಿ ನಿಲ್ಲುವವನು. ಆ ಪೈಪಿನ ಕಮಾನು ಮೂರನೆಯ ತರಗತಿಯ ಮಗುವಿನ ಎದೆ, ತಲೆಯ ಮಟ್ಟಕ್ಕೆ ಬರುತ್ತದೆ. ಬಾನೆಟ್ಟಿನ ತಗಡು ಪೆಟ್ಟು ಬಿದ್ದರೆ ಸ್ವಲ್ಪವಾದರೂ ಬಗ್ಗುತ್ತದೆ. ಆ ಪೈಪು ಬಗ್ಗುವುದೇ ಇಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ ಮಕ್ಕಳಿಗೆ ನಡೆದಾಡಲು ಬೇರೆ ಜಾಗ ಎಲ್ಲಿದೆ ಹೇಳಿ. ಇದಕ್ಕಾಗಿಯೇ ನಾನು ಕಮಾನು ಕಟ್ಟಿದ ಬಂಪರುಗಳನ್ನು ಖಂಡಿತವಾಗಿ ವಿರೋಧಿಸುತ್ತೇನೆ.

ಪೆರ್ಲ ಥಾರ್

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ. ಆದರೆ ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಗಾಡಿಗಳಿಗೆ ಮುಂದೆ ಪೈಪು ಇದೆ, ಯಾರಿಗೂ ಏನೂ ಆಗಿಲ್ಲ. ನನ್ನದು 2021ರ ಥಾರ್. ಕಂಪನಿ ಕೊಟ್ಟ ಮುಂದಿನ ಬಂಪರ್ ಕಲ್ಲಿಗೆ ತಾಗಿ ಸೀಳಿದೆ. ಪುತ್ತೂರಿನ ಗೆಳೆಯನೊಬ್ಬ ತನ್ನ ಉಕ್ಕಿನ ಬಂಪರ್ ಮಾರುತ್ತಿದ್ದಾನೆ, ಬೋಲ್ಟು ಬಿಚ್ಚಿ ಬೋಲ್ಟು ಹಾಕಿದರೆ ಆಯಿತು ಎನ್ನುತ್ತಾನೆ. ಗಾಡಿಯಲ್ಲಿ ಏರ್‌ಬ್ಯಾಗ್ ಇದೆ. ಅದಕ್ಕೆ ತೊಂದರೆ ಆಗುತ್ತದೆಯೇ?

ಮಂಜೇಶ್ವರ ವಕೀಲ

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ಇದು ಇಬ್ಬರಿಗೂ ಅನ್ವಯಿಸುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮುಂದೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ (ಈ ಪೈಪಿನ ಕಮಾನಿನಂಥವು) ಕಟ್ಟುವುದು ಈ ಕಲಮಿನ ಉಲ್ಲಂಘನೆ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶ ನೀಡಿದ್ದ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಊರಿನಲ್ಲಿ ಎಲ್ಲರೂ ಹಾಕಿದ್ದಾರೆ ಎಂಬುದು ಅಪಘಾತವಾದ ದಿನ ಯಾರ ನೆರವಿಗೂ ಬರುವುದಿಲ್ಲ. ಮಾರ್ಪಾಡು ತಿಳಿಸಿಲ್ಲವೆಂದು ವಿಮಾ ಕಂಪನಿ ತಕರಾರು ತೆಗೆಯಬಹುದು. ಹಳೆಯ ಗಾಡಿಗಳಿಗೆ ನೋಂದಣಿ ನವೀಕರಣದ ತಪಾಸಣೆ ಮತ್ತೆ ಮತ್ತೆ ಬರುತ್ತದೆ, ಅಲ್ಲಿ ಇವೆಲ್ಲ ಬಿಚ್ಚಲೇಬೇಕಾಗುತ್ತದೆ.

ಅಡೂರಿನ ಅಣ್ಣನಿಗೆ ಸಮಾಧಾನದ ಸಂಗತಿ ಎಂದರೆ ಎಂಎಂ540 ಕಾರ್ಖಾನೆಯಿಂದ ಬರುವಾಗಲೇ ಉಕ್ಕಿನ ಚಾನೆಲ್ ಬಂಪರ್ ಹೊತ್ತು ಬಂದ ಗಾಡಿ. ಹಾಳಾದ ಮೂಲ ಬಂಪರನ್ನು ಅದೇ ಮಾದರಿಯ ಇನ್ನೊಂದರಿಂದ ಬದಲಿಸುವುದು ದುರಸ್ತಿ. ಅದು ಗುಜರಿಯಿಂದ ಬಂದಿದ್ದರೂ ದುರಸ್ತಿಯೇ. ಒಂದು ರಸೀದಿ ಮಾತ್ರ ಕೇಳಿ ಪಡೆದುಕೊಳ್ಳಿ. ಕದ್ದ ಗಾಡಿಯ ಭಾಗಗಳೂ ಗುಜರಿಗೆ ಬರುತ್ತವೆ.

ಮುಳ್ಳೇರಿಯ ವೆಲ್ಡರ್

ಪೆರ್ಲದ ತಮ್ಮನಿಗೆ: ಬೇಡ. ಈಗಿನ ಗಾಡಿಗಳಲ್ಲಿ ಬಂಪರ್ ಎಂದು ನಾವು ಕರೆಯುವ ಪ್ಲಾಸ್ಟಿಕ್ಕಿನ ಹಿಂದೆ ಒಂದು ಅಡ್ಡ ತೊಲೆ, ಪೆಟ್ಟು ಬಿದ್ದಾಗ ತಾನು ಮಡಚಿಕೊಂಡು ವೇಗವನ್ನು ನುಂಗುವ ಭಾಗಗಳು ಇರುತ್ತವೆ. ಎಷ್ಟು ಹೊತ್ತಿನಲ್ಲಿ ಎಷ್ಟು ವೇಗ ಇಳಿಯಿತು ಎಂಬುದನ್ನು ಸಂವೇದಕಗಳು ಅಳೆದು ಏರ್‌ಬ್ಯಾಗ್ ಬಿಚ್ಚಬೇಕೇ ಎಂದು ತೀರ್ಮಾನಿಸುತ್ತವೆ. ಗಟ್ಟಿ ಉಕ್ಕನ್ನು ನೇರವಾಗಿ ಚಾಸಿಸ್ಸಿಗೆ ಬಿಗಿದರೆ ಆ ಲೆಕ್ಕವೇ ಬದಲಾಗುತ್ತದೆ. ಬೇಡದಾಗ ಬಿಚ್ಚಬಹುದು, ಬೇಕಾದಾಗ ತಡವಾಗಬಹುದು. 2020ರಲ್ಲಿ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಸಿಕ್ಕಿದ್ದು ಕಾರ್ಖಾನೆಯ ರೂಪದಲ್ಲಿರುವ ಗಾಡಿಗೆ, ಗೆಳೆಯನ ಬಂಪರ್ ಹಾಕಿದ್ದಕ್ಕಲ್ಲ. ಸೀಳಿದ ಪ್ಲಾಸ್ಟಿಕ್ಕಿನ ಭಾಗ ಕಂಪನಿಯದ್ದೇ ಕೊಳ್ಳಿ.

ನಾನು ಬೆಸುಗೆ ಹಾಕಿ ಹೊಟ್ಟೆ ಹೊರೆಯುವವನು. ಆದರೂ ಏರ್‌ಬ್ಯಾಗ್ ಇರುವ ಗಾಡಿಯ ಮೂತಿಗೆ ನನ್ನ ಅಂಗಡಿಯಲ್ಲಿ ಕೆಲಸ ಮಾಡುವುದಿಲ್ಲ.

ಅಡೂರು ಕೃಷಿಕ

ವಕೀಲರೇ, ಮೇಷ್ಟ್ರೇ, ಮೇಸ್ತ್ರಿಗಳೇ, ಎಲ್ಲರಿಗೂ ವಂದನೆ. ಕಮಾನಿನ ಆಸೆ ಬಿಟ್ಟೆ. ಆದರೆ ಹಂದಿಯ ಪ್ರಶ್ನೆ ಹಾಗೆಯೇ ಉಳಿಯಿತು. ಬರೀ ಚಾನೆಲ್ ಹಾಕಿದರೆ ರೇಡಿಯೇಟರಿಗೆ ರಕ್ಷಣೆ ಎಲ್ಲಿ? ಬೆಳೆದ ಹಂದಿ ಕ್ವಿಂಟಲ್ ಹತ್ತಿರ ತೂಗುತ್ತದೆ.

ಕುಂಬಳೆ ಜಿಪ್ಸಿ

ಅಣ್ಣ, ಹಂದಿ ಬರುವುದು ಕೆಳಗಿನಿಂದ. ಬೆಳೆದ ಹಂದಿಯ ಬೆನ್ನು ಬಂಪರಿನ ಮಟ್ಟಕ್ಕಿಂತ ಬಹಳ ಮೇಲೆ ಬರುವುದಿಲ್ಲ. ಮೇಲಿನ ಪೈಪು ಅದನ್ನು ತಡೆಯುವುದೇ ಇಲ್ಲ, ತಡೆಯುವುದು ಅಡ್ಡ ಚಾನೆಲ್. ಹಾಗಾಗಿ ನಿಮ್ಮ ಎರಡನೆಯ ಬಂಪರ್ ನೇರವಾಗಿ, ಗಟ್ಟಿ ಬೋಲ್ಟಿನಲ್ಲಿ ಕೂತಿದ್ದರೆ ಆ ಕೆಲಸಕ್ಕೆ ಅದೇ ಸಾಕು.

ನನ್ನ ಅನುಭವದಲ್ಲಿ ರಾತ್ರಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಡ್‌ಲೈಟು. ಹಳೆಯ ಗಾಡಿಗಳಲ್ಲಿ ಪ್ರತಿಫಲಕ ಮಂಕಾಗಿರುತ್ತದೆ, ಅರ್ತಿಂಗ್ ತುಕ್ಕು ಹಿಡಿದಿರುತ್ತದೆ. ಎರಡು ಹೊಸ ಲ್ಯಾಂಪು, ರಿಲೇ ಸಹಿತ ಹೊಸ ವೈರು, ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಮಟ್ಟ ಸರಿಪಡಿಸುವುದು, ಇಷ್ಟು ಮಾಡಿಸಿ. ಹಂದಿ ಒಂದು ದಾಟಿದರೆ ಹಿಂದೆ ಮರಿಗಳು ಬಂದೇ ಬರುತ್ತವೆ. ಮೊದಲನೆಯದು ಕಂಡ ಕೂಡಲೇ ಪೂರ್ತಿ ನಿಲ್ಲಿಸುವುದು ಒಳ್ಳೆಯದು.

ಈಗ ತುಕ್ಕಿನ ವಿಷಯ. ನಮ್ಮದು ಕಡಲ ಬದಿ, ಉಪ್ಪಿನ ಗಾಳಿ. ನಿಮ್ಮದು ಒಳನಾಡು. ಆದರೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಉಕ್ಕಿಗೆ ಎಲ್ಲಿಯೂ ನೆಮ್ಮದಿಯಿಲ್ಲ. ನನ್ನ ಜಿಪ್ಸಿಯ ಬಂಪರಿಗೆ ಮಾಡಿಸಿದ ಕ್ರಮ ಹೇಳುತ್ತೇನೆ. ಮೊದಲು ಡೀಸೆಲ್ ಮತ್ತು ಸೋಪು ಹಾಕಿ ಜಿಡ್ಡು ತೆಗೆಯಬೇಕು. ಆಮೇಲೆ ಗ್ರೈಂಡರಿಗೆ ತಂತಿಯ ಬಟ್ಟಲು ಬ್ರಷ್ ಹಾಕಿ ತುಕ್ಕು ಕೆರೆಯಬೇಕು. ಚಾನೆಲಿನ ಒಳಮೂಲೆಗೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಕೈಯಿಂದ ಚಿಕ್ಕ ಉಳಿ, ಎಮರಿ ಕಾಗದ. ಗುಳಿಗಳ ತಳದಲ್ಲಿ ಉಳಿದ ಕಂದು ಬಣ್ಣಕ್ಕೆ ಫಾಸ್ಫಾರಿಕ್ ಆಮ್ಲದ ತುಕ್ಕು ನಿವಾರಕ ಬಳಿದು, ಅದು ಕಪ್ಪಾಗುವವರೆಗೆ ಬಿಟ್ಟು, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಒಣಗಿದ ದಿನವೇ ಎಪಾಕ್ಸಿ ಪ್ರೈಮರ್. ರಾತ್ರಿ ಬರಿಮೈಯಲ್ಲಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು ಪುಡಿ ಕಾಣುತ್ತದೆ. ಪ್ರೈಮರಿನ ಮೇಲೆ ಎರಡು ಕೋಟು ಬಣ್ಣ. ಇದನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಜೂನ್ ತಿಂಗಳಿನಲ್ಲಿ ಬಳಿದ ಬಣ್ಣ ನಿಲ್ಲುವುದಿಲ್ಲ.

ಪೌಡರ್ ಕೋಟಿಂಗ್ ಮಾಡಿಸಿ ಎಂದು ಯಾರಾದರೂ ಹೇಳಬಹುದು. ಕಲ್ಲು ತಾಗಿ ಒಂದು ಕಡೆ ಎದ್ದರೆ ಅದರ ಅಡಿಯಲ್ಲೇ ತುಕ್ಕು ಹರಿದಾಡುತ್ತದೆ, ಮೇಲಿನಿಂದ ಏನೂ ತಿಳಿಯುವುದಿಲ್ಲ. ತೋಟದ ಗಾಡಿಗೆ ಕೈಯಿಂದ ಬಳಿದ ಬಣ್ಣವೇ ಮೇಲು, ಉದುರಿದಲ್ಲಿ ನಾವೇ ಮತ್ತೆ ಬಳಿಯಬಹುದು.

ಮುಳ್ಳೇರಿಯ ವೆಲ್ಡರ್

ಕುಂಬಳೆಯ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಂಪರಿನಲ್ಲಿ ಎಲ್ಲಾದರೂ ಜಿಐ ಪೈಪು ಅಥವಾ ಸತು ಲೇಪಿಸಿದ ತಟ್ಟೆ ಇದ್ದರೆ ಅದರ ಮೇಲೆ ನೇರ ಬೆಸುಗೆ ಹಾಕಿಸಬೇಡಿ. ಸತುವಿನ ಬಿಳಿ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಲೇಪವನ್ನು ಮೊದಲು ತೀಡಿ ತೆಗೆದು, ತೆರೆದ ಜಾಗದಲ್ಲಿ ಮಾಡಬೇಕು.

ಕೂರಿಸುವ ಬಗ್ಗೆ. ಚಾನೆಲ್ ತರುವ ಮೊದಲು ಅದು ತಿರುಚಿದೆಯೇ ನೋಡಿ. ಸಮ ನೆಲದ ಮೇಲಿಟ್ಟು ಎರಡೂ ತುದಿಗಳ ಮೇಲೆ ಅಡ್ಡಲಾಗಿ ಒಂದೊಂದು ನೇರ ಕಬ್ಬಿಣದ ಪಟ್ಟಿ ಇಡಿ. ಒಂದು ತುದಿಯಿಂದ ಬಗ್ಗಿ, ಹತ್ತಿರದ ಪಟ್ಟಿಯ ಅಂಚಿನ ಮೇಲಿನಿಂದ ದೂರದ ಪಟ್ಟಿ ನೋಡಿ. ಎರಡು ಅಂಚುಗಳೂ ಸಮವಾಗಿ ಕಂಡರೆ ಸರಿ. ಒಂದು ಓರೆಯಾಗಿದ್ದರೆ ಚಾನೆಲ್ ತಿರುಚಿದೆ. ಉದ್ದಕ್ಕೆ ಬಾಗಿದ್ದನ್ನು ಜ್ಯಾಕ್ ಕೊಟ್ಟು ನೇರ ಮಾಡಬಹುದು. ತಿರುಚಿದ್ದನ್ನು ಬಿಡಿಸುವುದು ಕಷ್ಟ, ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ಚಾಸಿಸ್ ತುದಿಯೇ ಸದಾ ಸೆಳೆತದಲ್ಲಿರುತ್ತದೆ.

ಹಳೆಯದನ್ನು ಬಿಚ್ಚುವ ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ. ಬಿಚ್ಚಿದ ಮೇಲೆ ಚಾಸಿಸ್ ತುದಿಗಳನ್ನು ಕೆರೆದು ಚೆನ್ನಾಗಿ ನೋಡಿ, ಈ ಕೆಲಸದಲ್ಲಿ ಇದೇ ಮುಖ್ಯ. ಮುಂದಿನ ಸ್ಪ್ರಿಂಗಿನ ತುದಿಯೂ ಅಲ್ಲೇ ಹತ್ತಿರ ಇರುವುದರಿಂದ ತೂತಿನ ಸುತ್ತ ಬಿರುಕು ಕಂಡರೆ ಬಂಪರಿನ ಮಾತು ಪಕ್ಕಕ್ಕಿಟ್ಟು ಚಾಸಿಸ್ ಕೆಲಸ ಮಾಡಿಸಬೇಕು. ಚಾಸಿಸ್ಸಿನ ತೂತನ್ನು ಗ್ಯಾಸ್ ಕಟ್ಟರಿನಿಂದ ದೊಡ್ಡದು ಮಾಡಲು ಯಾರಿಗೂ ಬಿಡಬೇಡಿ. ಬಂಪರನ್ನು ಚಾಸಿಸ್ಸಿಗೆ ಬೆಸುಗೆ ಹಾಕುವುದಂತೂ ಬೇಡವೇ ಬೇಡ.

ಬೋಲ್ಟು: ಹಳೆಯ ಜೀಪುಗಳಲ್ಲಿ ಇಂಚಿನ ಅಳತೆಯದ್ದು ಇರುತ್ತದೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದರ ತೂತಿಗೆ ಎಂ12 (12 ಮಿ.ಮೀ.) ಬೋಲ್ಟು ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ಆಟ ಉಳಿಯುತ್ತದೆ, ದಿನ ಹೋದಂತೆ ತೂತು ಉದ್ದವಾಗುತ್ತದೆ. ನಿಮ್ಮ ಹಳೆಯ ಬಂಪರಿನ ತೂತು ಹರಿದದ್ದೂ ಹೀಗೆಯೇ ಇರಬಹುದು. ಮಿಲಿಮೀಟರಿನ ಬೋಲ್ಟಾದರೆ ತಲೆಯ ಮೇಲೆ ಅದರ ಬಲದ ದರ್ಜೆ 8.8 ಎಂದು ಅಚ್ಚಾಗಿರಬೇಕು. ಇಂಚಿನದ್ದಾದರೆ ತಲೆಯ ಮೇಲೆ ಮೂರು ಗೀಟು ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಏನೂ ಗುರುತಿಲ್ಲದ ಬೋಲ್ಟು ಬೇಲಿಯ ಗೇಟಿಗೆ ಸಾಕು, ಇಲ್ಲಿಗೆ ಬೇಡ. ದಪ್ಪ ವಾಷರ್, ನೈಲಾನ್ ಬಳೆ ಇರುವ ನಟ್ಟು, ತಟ್ಟೆ ಮತ್ತು ಚಾಸಿಸ್ ಸೇರುವಲ್ಲಿ ಪ್ರೈಮರ್ ಕೋಟು.

ಬಂಪರನ್ನು ಜ್ಯಾಕಿನ ಮೇಲೆ ಹಲಗೆ ಇಟ್ಟು ಎತ್ತಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ನೆಲದಿಂದ ಎರಡೂ ತುದಿಗಳ ಎತ್ತರ ಅಳೆಯಿರಿ, ನಂತರ ಎಡ ಬಲ ಬದಲಿಸುತ್ತಾ ಬಿಗಿಯಿರಿ. 8.8ರ ಎಂ12 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ. ಬಾಡಿಯ ತಗಡಿಗೂ ಬಂಪರಿಗೂ ನಡುವೆ ಬೆರಳು ಆಡುವಷ್ಟು ಜಾಗ ಬಿಡಿ. ಬಾಡಿ ರಬ್ಬರಿನ ಮೇಲೆ ಕೂತಿದೆ, ಹಳ್ಳಕ್ಕೆ ಇಳಿದಾಗ ಅದು ಅಲುಗುತ್ತದೆ.

ಅಡೂರು ಕೃಷಿಕ

ಚಾನೆಲ್ ತಂದೆ. ಪಟ್ಟಿ ಇಟ್ಟು ನೋಡಿದೆ, ತಿರುಚಿಲ್ಲ. ಕಾಟಾದಲ್ಲಿ ತೂಗಿದರೆ 15 ಕಿಲೋ. ರಸೀದಿಯನ್ನೂ ಬರೆಸಿಕೊಂಡೆ. ಬಲಗಡೆ ತೂತುಗಳು ಸರಿಯಾಗಿ ಕೂರುತ್ತವೆ, ಎಡಗಡೆಯ ಮೇಲಿನ ತೂತು ಮಾತ್ರ ಅರ್ಧ ಬೆರಳಿನಷ್ಟು ಆಚೆಗಿದೆ. ಹಿಂದಿನವರು ಯಾರೋ ಕೊರೆದದ್ದು. ಏನು ಮಾಡಲಿ?

ಮುಳ್ಳೇರಿಯ ವೆಲ್ಡರ್

ಚಾಸಿಸ್ಸಿನ ತೂತು ಮುಟ್ಟಬೇಡಿ. ಬಂಪರಿನ ತೂತನ್ನು ಮುಚ್ಚಿ ಹೊಸದು ಕೊರೆಯಬೇಕು. ತೂತಿನ ಅಳತೆಯ ಉಕ್ಕಿನ ಬಿಲ್ಲೆ ಕತ್ತರಿಸಿ ಕೂರಿಸಿ, ಎರಡೂ ಕಡೆಯಿಂದ ಬೆಸುಗೆ ಹಾಕಿ, ಬೋಲ್ಟು ಕೂರುವ ಮೈಯನ್ನು ಮಾತ್ರ ಸಮ ಮಾಡಿ. ಹಿಂಬದಿಗೆ 5 ಮಿ.ಮೀ. ತಟ್ಟೆಯೊಂದನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಇದೆಲ್ಲ ಬಂಪರ್ ಗಾಡಿಯಿಂದ ಹೊರಗಿರುವಾಗಲೇ ಆಗಬೇಕು. ಗಾಡಿಯ ಮೇಲೆ ಬೆಸುಗೆ ಹಾಕಬೇಕಾಗಿ ಬಂದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಅರ್ತ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಬೇಕು. ಆಮೇಲೆ ಬಲಗಡೆಯ ಬೋಲ್ಟುಗಳನ್ನು ಹಾಕಿ, ಚಾಸಿಸ್ ತೂತಿನ ಹಿಂದಿನಿಂದ ಗುರುತು ಮಾಡಿಕೊಂಡು, ಮೊದಲು ಸಣ್ಣ ಡ್ರಿಲ್ ಬಿಟ್‌ನಿಂದ, ಆಮೇಲೆ ಪೂರ್ತಿ ಅಳತೆಯದ್ದರಿಂದ ಕೊರೆಯಿರಿ. ಬಣ್ಣ ಅದಾದ ಮೇಲೆ.

ಪೆರ್ಲ ಥಾರ್

ಕಂಪನಿಯ ಬಂಪರಿಗೇ ಹೇಳಿದ್ದೇನೆ ಮೇಸ್ತ್ರಿಗಳೇ. ಒಂದು ಸಂಶಯ. ಅಣ್ಣನ ಗಾಡಿ ಕೆಸರಿನಲ್ಲಿ ಹೂತರೆ ಆ ಚಾನೆಲಿಗೇ ಹಗ್ಗ ಸುತ್ತಿ ಎಳೆಯಬಹುದೇ?

ಮುಳ್ಳೇರಿಯ ವೆಲ್ಡರ್

ಎಳೆಯಬಾರದು. ಚಾನೆಲಿನ ಅಂಚು ಹಗ್ಗವನ್ನು ಕೊಯ್ಯುತ್ತದೆ, ನಡುವಿನಿಂದ ಎಳೆದರೆ ಚಾನೆಲ್ ಮುಂದಕ್ಕೆ ಬಾಗುತ್ತದೆ. ಎಳೆಯುವ ಕೊಕ್ಕೆ ಚಾಸಿಸ್ ತುದಿಗೇ ಬೋಲ್ಟಾಗಿರಬೇಕು. ಶ್ಯಾಕಲ್ (ಹಗ್ಗವನ್ನು ಕೊಕ್ಕೆಗೆ ಸೇರಿಸುವ ಉಕ್ಕಿನ ಕೊಂಡಿ) ಕೊಳ್ಳುವಾಗ ಮೈಮೇಲೆ ಹೊರುವ ಭಾರ ಅಚ್ಚಾಗಿರುವುದನ್ನೇ ಕೊಳ್ಳಿ. ಮುಕ್ಕಾಲು ಇಂಚಿನ ಬಿಲ್ಲಿನಾಕಾರದ್ದಕ್ಕೆ ಸಾಮಾನ್ಯವಾಗಿ 4.75 ಟನ್ ಎಂದಿರುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದೆಸಿ. ಹಗ್ಗದ ಉದ್ದದ ಎರಡರಷ್ಟು ದೂರದೊಳಗೆ ಯಾರನ್ನೂ, ಅದರಲ್ಲೂ ನೋಡಲು ಬಂದ ಮಕ್ಕಳನ್ನು, ನಿಲ್ಲಲು ಬಿಡಬೇಡಿ.

ಅಡೂರಿನ ಅಣ್ಣ, ಕೂರಿಸಿ ಒಂದು ವಾರ ತೋಟಕ್ಕೆ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಬಿಗಿದ ಮೇಲೆ ನಟ್ಟಿನಿಂದ ಚಾಸಿಸ್ಸಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆದಿಟ್ಟರೆ ಸಡಿಲವಾದದ್ದು ಮುಂದೆ ದೂರದಿಂದಲೇ ಕಾಣುತ್ತದೆ.